ಆ ವರ್ಷದ ಫೋಲ್ಡರ್

ಅಕ್ಕಾ,

ಇವತ್ತು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಪ್ಯೂಟರಿನಲ್ಲಿ ರಾಶಿಬಿದ್ದಿದ್ದ ಫೋಟೊಗಳನ್ನೆಲ್ಲ ವರ್ಷವಾರು ಫೋಲ್ಡರುಗಳಿಗೆ ಹಾಕುತ್ತಿದ್ದೆ. ನಿನ್ನ ಕೊನೆಯ ವರ್ಷದ ಫೋಲ್ಡರಿನಲ್ಲಿ ಮುನ್ನೂರು ಫೋಟೊ ತುಂಬಿದವು. ನನ್ನ ಗೆಳೆಯರು, ನನ್ನ ಹೊಸ ಬೈಕು, ಸಮುದ್ರ.

"ಇದ್ರಲ್ಲಿ ನಿನ್ನಕ್ಕ ಎಲ್ಲೋ?" ಎಂದಳು ಅಮ್ಮ.

"ಆಸ್ಪತ್ರೇಲಿ ಫೋಟೊ ತೆಗೆಯೋಕೆ ಬಿಡ್ತಿರಲಿಲ್ಲಮ್ಮ" ಎಂದು ಹಸಿ ಸುಳ್ಳು ಹೇಳಿದೆ.

ಏಳು ತಿಂಗಳು ನಿನ್ನ ಮಂಚದ ಪಕ್ಕದಲ್ಲೇ ಮಲಗಿದವಳು ಅವಳು. ನನ್ನ ಮುಖ ನೋಡಲಿಲ್ಲ. ತನ್ನ ಹಳೆಯ ಫೋನನ್ನು ನನ್ನ ಕೈಗಿತ್ತು, "ನಾನು ತೆಗೆದದ್ದಿದೆ, ಸೇರಿಸ್ಕೋ. ಈ ಕಡೆ ನೋಡೇ ಅಂದ್ರೆ ಒಂದ್ಸಲಾನೂ ಕೇಳಲಿಲ್ಲ" ಎಂದಳು.

ಹನ್ನೊಂದು ಫೋಟೊಗಳಿದ್ದವು ಅಕ್ಕಾ. ಹನ್ನೊಂದರಲ್ಲೂ ನೀನು ಬಾಗಿಲ ಕಡೆಗೇ ನೋಡುತ್ತಿದ್ದೀಯ.