ಅಂಜುಮಳಿಗೆ ವಿಷಯ ನೋಡಿದ್ದು

ಜೂನ್ 10, ಮಂಗಳವಾರ. ಬೆಳಿಗ್ಗೆ 11

ಕುಕ್ಕರ್ ಇಳಿಸಿ ಕುಳಿತೆ. ನೀರು ತುಂಬಿದ್ದಾಯಿತು, ಬೀಪಿ ಗುಳಿಗೆ ನುಂಗಿದ್ದಾಯಿತು. ವಿಜಯಪುರದ ಕಡೆಯ ಹಳ್ಳಿಯಲ್ಲಿ ಕಲಿತ ನಾಲ್ಕನೇ ಇಯತ್ತೆ ಇಷ್ಟು ಉಪಕಾರ ಮಾಡಿತು — ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಈ ದಿನಚರಿಯ ವಹಿಯಲ್ಲಿ ಯಾರನ್ನು ಬೇಕಾದರೂ ಬೈಯಬಹುದು.

ಇವತ್ತು ಮಗನ ಸರದಿ. ಮೊಮ್ಮಗಳು ಅಂಜುಮ ಬಿ.ಎ. ಮೊದಲ ವರ್ಷ ಪಾಸಾದಳು. ಇನ್ನು ಒಂದು ವಿಷಯವನ್ನು ಮೇಜರ್ ಮಾಡಿಕೊಳ್ಳಬೇಕಂತೆ. ಎಕನಾಮಿಕ್ಸ್, ಸೈಕಾಲಜಿ, ಜಾಗ್ರಫಿ — ಮೂರರಲ್ಲಿ ಒಂದು. 20ನೇ ತಾರೀಕು ಸಂಜೆ ಐದಕ್ಕೆ ಫಾರ್ಮ್ ಬಂದ್. ತುಂಬದವರಿಗೆ ಉಳಿದದ್ದು ಕೊಡುತ್ತಾರೆ. ಆಮೇಲೆ ಬದಲಾಯಿಸುವ ಹಾಗಿಲ್ಲ. ಅವಳಪ್ಪ, ನನ್ನ ಮಗ ಮುಜಾಹಿದ, ಬೈಕುಲ್ಲಾದ ತನ್ನ ಸೋಫಾ ವರ್ಕ್‌ಶಾಪಿನಿಂದ ಫೋನಿನಲ್ಲೇ ತೀರ್ಪು ಕೊಟ್ಟ. ಎಕನಾಮಿಕ್ಸ್. ಬ್ಯಾಂಕ್ ಪರೀಕ್ಷೆಗೆ ಆಗುತ್ತದಂತೆ. ಸೋಫಾಕ್ಕೆ ಸ್ಪಂಜು ತುಂಬಿದ ಹಾಗೆ ಹುಡುಗಿಗೆ ಎಕನಾಮಿಕ್ಸ್ ತುಂಬಿದರಾಯಿತು.

"ನಿನಗೇನು ಬೇಕವಾ?" ಎಂದು ಕೇಳಿದೆ.

"ಪತಾ ನಹೀ ದಾದಿ. ಮೂರೂ ಥೋಡಾ ಥೋಡಾ ಇಷ್ಟ ಅದ. ಆ ಕೆಲಸ ಹೆಂಗಿರ್ತದ ನಾ ನೋಡೇ ಇಲ್ಲ. ಕೈಸೇ ಚುನೂ, ಹೆಂಗ ಆರಿಸಲಿ?"

"ಹಂಗಾದ್ರ ನೋಡೂಣು. ನಲವತ್ತು ವರ್ಷ ಲಗ್ನ ಕೂಡಿಸೇನಿ. ಮನಿ ನೋಡದ ಒಂದು ಹುಡುಗೀನೂ ಕೊಟ್ಟಿಲ್ಲ."

ಗಂಡಿನ ಮನೆ ನೋಡುವ ಹಾಗೆಯೇ ನೋಡುವುದು. ಹೇಳದೆ ಹೋಗಬೇಕು. ಅತ್ತೆಯನ್ನು ಕೇಳಬಾರದು, ಕಿರಿಸೊಸೆಯನ್ನು ಕೇಳಬೇಕು — ಅಂದರೆ ಸಾಹೇಬನನ್ನು ಬಿಟ್ಟು ಹೊಸದಾಗಿ ಸೇರಿದವರನ್ನು. ಎದೆ ಕುಣಿಯುತ್ತಿದೆ. ಎರಡು ವರ್ಷದಿಂದ ಒಂದು ಮನೆಯನ್ನೂ ನೋಡಿಲ್ಲ. ಜನಕ್ಕೆ ಈಗ ಮೊಬೈಲೇ ದಲ್ಲಾಳಿ.

ಜೂನ್ 11, ಬುಧವಾರ. ಸಂಜೆ

ಮೊದಲು ಎಕನಾಮಿಕ್ಸ್. ದಾದರಿನ ಒಂದು ಬ್ಯಾಂಕು. ನಮ್ಮ ಕಡೆಯ ಅಮೀರುನ್ನೀಸಾಳ ಮಗ ಆತೀಫ ಅಲ್ಲಿ ಸೇರಿ ಎಂಟು ತಿಂಗಳು. ಅಂಜುಮಳಿಗೆ ಹಸಿರು ಡ್ರೆಸ್ ಹಾಕಿಸಿದೆ. ಬರಿಗೈಯಲ್ಲಿ ಹೋಗಬಾರದೆಂದು ಮಿಠಾಯಿ ಡಬ್ಬಿ ಒಯ್ದೆ.

ಎಲ್ಲ ಕೇಳಿದೆ. ಎಷ್ಟು ತಾಸು ಕೂರುತ್ತೀ, ಸಾಹೇಬ ಚೀರುತ್ತಾನೋ, ಊಟಕ್ಕೆ ಜೊತೆ ಯಾರು, ಬೆಳಿಗ್ಗೆ ಏಳಬೇಕೆನಿಸುತ್ತದೋ. ಪಾಪ, ಹುಡುಗನ ಕಿವಿ ಕೆಂಪಾಗಿತ್ತು. ಸುತ್ತಲಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಅಂಜುಮ ಒಂದೇ ಮಾತು ಕೇಳಿದಳು. "ಇದರಾಗ ಎಕನಾಮಿಕ್ಸ್ ಕಿಧರ್ ಹೈ?"

"ಎಕ್ಸಾಮಿನಾಗ ಇತ್ತು," ಎಂದ.

ದಾದರ್ ಸ್ಟೇಶನ್ ಬರುವವರೆಗೂ ನಕ್ಕೆವು.

ಜೂನ್ 13, ಶುಕ್ರವಾರ

ಸೈಕಾಲಜಿ. ಒಂದು ಶಾಲೆಯ ಕೌನ್ಸೆಲರ್ ಬಾಯಿ. ಒಳ್ಳೆಯವಳು, ಚಹಾ ಕೊಟ್ಟಳು. ಬಾಗಿಲ ಹೊರಗೆ ಅಳುವ ಹುಡುಗಿಯರ ಸಾಲು. ಅಂಜುಮ ಅವರ ಜೊತೆ ಕೂತು ತಾನೂ ಅತ್ತು ಬಂದಳು. "ದಾದಿ, ನಾ ಎಲ್ಲಾರನೂ ಮನಿಗೆ ಕರಕೊಂಡ ಬರ್ತೀನಿ." ನಮ್ಮದು ಒಂದೂವರೆ ಖೋಲಿಯ ಮನೆ. ಆಗದ ಮಾತು.

ಜೂನ್ 15, ಭಾನುವಾರ. ಮಧ್ಯಾಹ್ನ

ತಪ್ಪು ನನ್ನದೇ. ಬರೆದುಬಿಡುತ್ತೇನೆ.

ಅಮೀರುನ್ನೀಸಾ ಪೇಢೆ ಮತ್ತು ಜರಿ ದುಪಟ್ಟಾ ಹಿಡಿದು ಬಂದಳು. "ಜೇಬುನ್ನೀಸಾ ಆಪಾ, ನೀವಾಗೇ ಹುಡುಗೀನ ಕರಕೊಂಡು ಬಂದು ತೋರಿಸೀರಿ. ನಾವು ಸುಮ್ಮನ ಕೂತರ ಚಂದ ಕಾಣ್ತದೇನು?"

ಹಸಿರು ಡ್ರೆಸ್, ಮಿಠಾಯಿ, ಜೊತೆಗೆ ಲಗ್ನ ಕೂಡಿಸುವ ನಾನು. ಅವಳದೇನು ತಪ್ಪು? ಕೈ ತನ್ನ ಹಳೆಯ ರೂಢಿ ಬಿಡಲಿಲ್ಲ. ಮುಜಾಹಿದನ ಮುಖ ಟ್ಯೂಬ್‌ಲೈಟಿನ ಹಾಗೆ ಹೊತ್ತಿಕೊಂಡಿತು — ಬ್ಯಾಂಕಿನ ಹುಡುಗ. ಅಂಜುಮ ಅಡುಗೆಕಟ್ಟೆಯ ಹತ್ತಿರ ನಿಂತು ನನ್ನನ್ನು ನೋಡಿದ ನೋಟ... ಬೇಡ.

"ಅಮೀರುನ್ನೀಸಾ, ನಾ ನೋಡಾಕ ಬಂದಿದ್ದು ನಿನ್ನ ಮಗನ ಕುರ್ಚಿ. ಮಗನ್ನಲ್ಲ."

ದುಪಟ್ಟಾ ಮಡಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಕುರ್ಚಿಗೇನು ಐಬು?"

"ಏನಿಲ್ಲ, ಗಟ್ಟಿ ಅದ. ನಮ್ಮ ಹುಡುಗಿಗೆ ಕೂಡಾಕ ಬರೂದಿಲ್ಲ."

ಚಹಾ ಕುಡಿದಳು. ಪೇಢೆ ಬಿಟ್ಟು ದುಪಟ್ಟಾ ಒಯ್ದಳು. ದೊಡ್ಡ ಮನಸ್ಸಿನವಳು.

ಮುಜಾಹಿದ ಮಾತ್ರ ಕಿಡಿ. "ಅಮ್ಮಾ, ತಿರುಗಾಟ ಸಾಕು. ಎಕನಾಮಿಕ್ಸ್ ತುಂಬಾಕ ಹೇಳು."

ಜೂನ್ 17, ಮಂಗಳವಾರ. ಸಂಜೆ 7

ಅಂಜುಮಳನ್ನು ಕರಕೊಂಡು ದಹಿಸರಿಗೆ ಶರಣವ್ವನನ್ನು ಕಾಣಲು ಹೋಗುತ್ತೇನೆ ಎಂದೆ ಮುಜಾಹಿದನಿಗೆ. ಸುಳ್ಳೇನಲ್ಲ. ಶರಣವ್ವ ನಮ್ಮ ಹಳೆಯ ಚಾಳಿನ ನೆರೆಯವಳು. ಅವಳ ಮೊಮ್ಮಗಳು ಸ್ನೇಹಲ್ ಜಾಗ್ರಫಿ ಓದಿದವಳು ಎಂಬುದನ್ನು ಹೇಳಲಿಲ್ಲ, ಅಷ್ಟೇ.

ಏನು ಕೆಲಸ ಸ್ನೇಹಲ್‌ಳದು! ಗಲ್ಲಿ ಗಲ್ಲಿ ತಿರುಗುವುದು. ಹೋದ ಮಳೆಗಾಲದಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಬಂತು ಎಂದು ಮನೆ ಮನೆ ಕೇಳಿ, ಅಳೆದು, ಮೊಬೈಲಿನಲ್ಲಿ ಗುರುತು ಮಾಡುವುದು. ಅದೇ ನಕ್ಷೆಯಾಗುತ್ತದೆ. ಯಾವ ಗಲ್ಲಿಯ ಗಟರು, ಅಂದರೆ ಚರಂಡಿ, ಮೊದಲು ಸ್ವಚ್ಛ ಮಾಡಿಸಬೇಕು ಎಂದು ಅದರಲ್ಲಿ ಗೊತ್ತಾಗುತ್ತದೆ. ಸ್ನೇಹಲ್ ಟೇಪು ಅಂಜುಮಳ ಕೈಗೆ ಕೊಟ್ಟಳು. ಒಬ್ಬಳು ಬಾಯಿ ಮೊಣಕಾಲುದ್ದ ನೀರು ಎಂದಳು. ಅಂಜುಮ ಕಪಾಟು ಸರಿಸಿ ಗೋಡೆಯ ಕಲೆ ತೋರಿಸಿದಳು — ಸೊಂಟದವರೆಗೆ. ಸ್ನೇಹಲ್ ಮಾತಾಡದೆ ಅಂಕಿ ತಿದ್ದಿದಳು. ಮೂರು ಗಂಟೆಯಾದರೂ ನನ್ನ ಹುಡುಗಿಗೆ ಊಟದ ನೆನಪಿಲ್ಲ.

"ಬ್ಯಾಸರ ಬರೂದಿಲ್ಲೇನವಾ?" ಎಂದು ಕೆದಕಿದೆ.

"ಬರ್ತದ ಅಜ್ಜಿ. ವಾರದಾಗ ಎರಡು ದಿನ ಕಂಪ್ಯೂಟರ್ ಮುಂದ ಬರೇ ಅಂಕಿ. ನೌಕರಿ ಕಾಂಟ್ರ್ಯಾಕ್ಟ್, ವರ್ಷಾ ವರ್ಷಾ ಹೊಸಾದು."

ಕೇಳಿದ್ದಕ್ಕೆ ಐಬು ಮುಚ್ಚದೆ ಹೇಳಿದವಳು ಇವಳೊಬ್ಬಳೇ. ನಾನು ನೋಡಿದ ಎಷ್ಟು ಮನೆಗಳಲ್ಲಿ ಹೀಗೆ ಹೇಳಿದ್ದಾರೆ?

ಬರುವಾಗ ಲೋಕಲ್‌ನಲ್ಲಿ ಸೀಟು ಖಾಲಿಯಿತ್ತು. ಅಂಜುಮ ಕೂರಲಿಲ್ಲ. ಬಾಗಿಲಲ್ಲಿ ನಿಂತು ನಾಲೆ ಎಣಿಸುತ್ತಿದ್ದಳು.

ಜೂನ್ 20, ಶುಕ್ರವಾರ. ಮಧ್ಯಾಹ್ನ 2

ಫಾರ್ಮ್ ತುಂಬಿದಳು. ಜಾಗ್ರಫಿ. ಆದರೆ ಅದನ್ನು ಕಳಿಸಲು ಬೇಕಾದ ಓಟಿಪಿ ಹೋಗುವುದು ಮುಜಾಹಿದನ ಮೊಬೈಲಿಗೆ. ಅಡ್ಮಿಶನ್ನಿನಲ್ಲಿ ಅವನ ನಂಬರೇ ಕೊಟ್ಟಿದ್ದು.

"ಎಕನಾಮಿಕ್ಸ್ ಅಂತ ಹೇಳಿ ಇಸ್ಕೊಂಡುಬಿಡು," ಎಂದೆ.

"ನೈ ದಾದಿ. ಎದುರಿಗೆ ಹೇಳ್ತೀನಿ."

ನಾಚಿಕೆಯಾಯಿತು ನನಗೆ. ಖುಷಿಯೂ. ಹೊರಟೆವು. ವಹಿ ಚೀಲದಲ್ಲಿದೆ.

4:15, ವರ್ಕ್‌ಶಾಪ್

ಬಟ್ಟೆ ಹೊದಿಸದ ಸೋಫಾದ ಮೇಲೆ ಕೂತು ಬರೆಯುತ್ತಿದ್ದೇನೆ. ಅಂಜುಮ ಹೇಳಿದಳು. ಮುಜಾಹಿದ ಹೊಲಿಗೆ ಮಷೀನು ನಿಲ್ಲಿಸಲೇ ಇಲ್ಲ. ಅವಳು ಒಂದು ಕಾಗದ ಹಾಸಿದಳು. ಇದೇ ಗಲ್ಲಿಯ ನಕ್ಷೆ. ಎರಡು ದಿನದಿಂದ ಇಲ್ಲೇ ಸುತ್ತಿ ಬರೆದಿದ್ದಾಳೆ. ನನಗೂ ಹೇಳಿರಲಿಲ್ಲ, ಕಳ್ಳಿ.

"ಕಾಗದ ಸರಿಸು. ರೆಕ್ಸಿನ್ ಮ್ಯಾಲ ಬಿತ್ತು," ಎಂದ. ಆಮೇಲೆ ನೋಡಿದ. ಮಷೀನು ನಿಂತಿತು. "ಇದು ತಪ್ಪು. ನೀರು ಮುಂದಿಂದ ಬರೂದಿಲ್ಲ. ಹಿಂದಿನ ಗಟರಿಂದ ಬರ್ತದ."

"ಕಬ್ ಸೇ ಅಬ್ಬಾ?"

"ಆಚೆ ಗೋಡಿ ಎಬ್ಬಿಸಿದಾಗಿಂದ. ಕೊಡು ಇಲ್ಲೆ." ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ತಾನೇ ತಿದ್ದತೊಡಗಿದ.

4:40

"ಇದಕ್ಕ ನೌಕರಿ ಅದ ಏನು?"

"ಹೈ ಅಬ್ಬಾ. ಪಕ್ಕಾ ನಹೀ. ವರ್ಷಾ ವರ್ಷಾ ಹೊಸಾದು."

ಸುಳ್ಳು ಹೇಳಲಿಲ್ಲ. 

ಮುಜಾಹಿದ ಚಾಕ್‌ಪೀಸು ಕೆಳಗಿಟ್ಟ. ಕೈ ತೊಳೆಯಲು ಹೋದ.

4:51

ಇನ್ನೂ ತೊಳೆಯುತ್ತಿದ್ದಾನೆ. ಒಬ್ಬ ಮನುಷ್ಯನಿಗೆ ಎಷ್ಟು ಕೈ ಇರುತ್ತವೆ?

ಬಂದ. ಒರೆಸಿಕೊಂಡ. ನನ್ನ ಕಡೆ ನೋಡಲಿಲ್ಲ. "ಒತ್ತು," ಎಂದ ಅವಳಿಗೆ. ಅಂಜುಮ ಒತ್ತಿದಳು. ಅವನ ಜೇಬಿನಲ್ಲಿ ಟಣ್ ಎಂದಿತು. ಕನ್ನಡಕ ಹುಡುಕುತ್ತಿದ್ದಾನೆ — ನೆತ್ತಿಯ ಮೇಲಿದೆ, ನಾನು ಹೇಳುವುದಿಲ್ಲ — ಸಿಕ್ಕಿತು. ಓಟಿಪಿ ಓದಿ ಹೇಳುತ್ತಿದ್ದಾನೆ. ನಾಲ್ಕು. ಒಂದು. ಒಂದು. ಏಳು —