ದೇವರು ಒಪ್ಪಿದ ಡಾಕ್ಟರ

ಹೊಳನಗದ್ದೆ, ಕುಮಟಾ
೧೪ ಆಗಸ್ಟ್ ೨೦೦೯, ಶುಕ್ರವಾರ

ಪ್ರೀತಿಯ ಅಣ್ಣಾ,

ಕೆಮ್ಮು ಬಿಟ್ಟಿತಾ? ಗಡಿಯಲ್ಲಿ ಆಗಲೇ ವಿಪರೀತ ಚಳಿ ಅಂತ ನೀನು ಬರೆದದ್ದನ್ನು ಓದಿ ಹೇಳಿದಾಗಿನಿಂದ ಅಮ್ಮ ತಣ್ಣೀರು ಕುಡಿಯುವವರನ್ನೆಲ್ಲ ಬೈಯುತ್ತಿದ್ದಾಳೆ. ನಿನ್ನ ಮೇಲಿನ ಸಿಟ್ಟು ನಮ್ಮ ಮೇಲೆ. ಅಪ್ಪನ ಮಂಡಿನೋವು ಈಗ ಅಡ್ಡಿಯಿಲ್ಲ, ನಾಟಿಯೂ ಮುಗಿದಿದೆ.

ನೀನು ಕೇಳಿದ ಸುದ್ದಿಗೇ ಬರುತ್ತೇನೆ. ನಿನ್ನ ರಜೆಯಲ್ಲಿ ನಾವಿಬ್ಬರೂ ಊಟ ಮರೆತು ಆಡಿದ ಕಂಪ್ಯೂಟರ್ ಆಟದ ಎರಡನೇ ಭಾಗ ಬರುವುದು ಖಾತ್ರಿ. ಆದರೆ ಆಡುವವರು ಅದರೊಳಗಿನ ಪಾತ್ರಗಳಲ್ಲಿ ಯಾರ್ಯಾರನ್ನು ಪ್ರೀತಿಸಬಹುದು ಅಂತ ಆಟ ಮಾಡುವವರು ಬಾಯಿ ಬಿಟ್ಟಿಲ್ಲ. ಅವರು ಸುಮ್ಮನಿದ್ದಷ್ಟೂ ಅಭಿಮಾನಿಗಳ ಗಲಾಟೆ ಜೋರು. ಕುಮಟೆಯ ಸೈಬರ್ ಕೆಫೆಯಲ್ಲಿ ಕೂತು ಎಲ್ಲ ಓದಿ ಬಂದೆ. ಆಟದ ಹೊಸ ಚಿತ್ರದಲ್ಲಿ, ನೀನು ಹೋದ ಸಲ ಪ್ರೀತಿಸಿದ ಬಿಲ್ಲುಗಾರ್ತಿಯ ಕೈಯಲ್ಲಿ ಉಂಗುರ ಕಂಡಿತಂತೆ. ಅವಳಿಗೆ ಮದುವೆಯಾಗಿದೆ, ಈ ಸಲ ಸಿಗುವುದಿಲ್ಲ ಅಂತ ಅರ್ಧ ಜನ. ಅದು ಹೆಬ್ಬೆರಳಿನಲ್ಲಿದೆ, ಬಾಣ ಎಳೆಯುವ ಉಂಗುರ, ಕಣ್ಣು ಬಿಟ್ಟು ನೋಡಿ ಅಂತ ಉಳಿದರ್ಧ. ನೀನು ಊಟ ಬಿಡಬೇಡ, ನಾನು ಹೆಬ್ಬೆರಳಿನ ಪಕ್ಷ. ನನ್ನ ಪಾಲಿಗೆ ಹೊಸಬನೊಬ್ಬ ಬರುತ್ತಿದ್ದಾನೆ, ಬೆಟ್ಟದ ಮೇಲಿನ ಡಾಕ್ಟರ. ಗಾಯ ಕಟ್ಟುತ್ತಾನೆ, ಮಾತು ಕಡಿಮೆ. ಇವನಂತೂ ಪ್ರೀತಿಗೆ ಆಗುತ್ತಾನೆ ಅಂತ ಹೆಚ್ಚಿನವರ ಲೆಕ್ಕ.

ಇದನ್ನು ಅಂಗಳದಲ್ಲಿ ನಿಂತು ಆಚೆಮನೆ ಗಾಯತ್ರಿಗೆ ಹೇಳಿದ್ದೇ ತಪ್ಪಾಯಿತು. "ನಂಗೆ ಡಾಕ್ಟರನೇ ಆಗ್ತ ಅಂತ ಎಲ್ಲಾರೂ ಹೇಳ್ತಿದ್ರು" ಅಂದೆ. ಅಮ್ಮ ಒಳಗಿಂದ ಕೇಳಿಸಿಕೊಂಡಳು. ನನ್ನನ್ನು ಒಂದು ಮಾತು ಕೇಳದೆ, ಸೋಮವಾರ ಅಮ್ಮನವರ ಗುಡಿಗೆ ಹೋಗಿ, ಮಗಳಿಗೆ ಡಾಕ್ಟರ ಸಂಬಂಧ ಕೂಡಿಬರುತ್ತದಾ ಅಂತ ಪ್ರಸಾದ ಕೇಳಿಬಿಟ್ಟಳು. ಅನಂತಮೂರ್ತಿ ಭಟ್ಟರು ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸಿದ್ದೇ ತಡ, ಬಲಗಡೆಯದು ಬಿತ್ತಂತೆ. ಬಲಕ್ಕೆ ಬಿದ್ದಮೇಲೆ ಮುಗಿಯಿತಲ್ಲ, ದೇವರು ಹೌದು ಅಂದ ಹಾಗೆ. ಅಮ್ಮ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಳು. ಅವನು ಆಟದೊಳಗಿನವನು ಮಾರಾಯ್ತಿ ಅಂತ ಸೈಬರಿನಿಂದ ತಂದ ಚಿತ್ರವನ್ನೇ ತೋರಿಸಿದೆ. ಅವನ ಗಡ್ಡ ನೋಡಿ ಮುಖ ಸಿಂಡರಿಸಿ, "ದೇವ್ರು ಸುಳ್ಳು ಹೇಳೂದುಂಟಾ? ಇವ ಅಲ್ಲದಿದ್ರೆ ಇನ್ನೊಬ್ಬ ಡಾಕ್ಟರ ಎಲ್ಲಾದ್ರೂ ಇರೂಕೇ ಬೇಕು" ಅಂದಳು.

ನಗಬೇಡ. ಇದರಿಂದ ಉದಯನಿಗೆ ಬಾಗಿಲು ಮುಚ್ಚುತ್ತಿದೆ. ಮುರ್ಡೇಶ್ವರದ ಹೋಟೆಲಿನಲ್ಲಿ ಮ್ಯಾನೇಜರ್, ಹೋದ ತಿಂಗಳು ನನ್ನನ್ನು ನೋಡಲು ಬಂದವನು. ಹಿರಿಯರೆಲ್ಲ ಜಾತಕದಲ್ಲಿ ಮುಳುಗಿದ್ದಾಗ, ನಿಮಗೆ ಎಂತ ಇಷ್ಟ ಅಂತ ಕೇಳಿದ. ಆಟದ ವಿಷಯ ಹೇಳಿದೆ. ನಗಲಿಲ್ಲ. "ತಪ್ಪು ಜನರನ್ನ ಆರಿಸಿದ್ರೆ ಎಂತ ಆಗ್ತದೆ?" ಅಂದ. ಹಿಂದೆ ಉಳಿಸಿಟ್ಟ ಜಾಗದಿಂದ ಮತ್ತೆ ಶುರು ಮಾಡಬೇಕು ಅಂದೆ. "ಹಂಗಾರೆ ಹೆದರಿಕೆ ಇಲ್ಲ" ಅಂದವನು ಇನ್ನಷ್ಟು ಅವಲಕ್ಕಿ ಹಾಕಿಸಿಕೊಂಡ. ನನಗೆ ಅವನು ಬಹಳ ಇಷ್ಟವಾಗಿದ್ದಾನೆ, ಅಣ್ಣಾ. ಆದರೆ ಚೌತಿ ಮುಗಿದದ್ದೇ ಅವನ ಮನೆಯವರಿಗೆ ಬೇಡ ಅಂತ ಹೇಳಿ ಕಳಿಸುತ್ತಾಳಂತೆ ಅಮ್ಮ. ಉದಯನ ಹೆಸರಲ್ಲಿ ಇನ್ನೊಮ್ಮೆ ಕೇಳು ಅಂದರೆ, ಒಮ್ಮೆ ಪ್ರಸಾದ ಕೊಟ್ಟಮೇಲೆ ದೇವರನ್ನು ಪರೀಕ್ಷೆ ಮಾಡಬಾರದು ಅನ್ನುತ್ತಾಳೆ. ಅಪ್ಪನಂತೂ ಅವಳ ಮಾತು ಮೀರುವವನಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದೇನೆ.

ಸ್ವೆಟರ್ ಹಾಕಿಕೋ, ಬಿಸಿನೀರು ಕುಡಿ. ಅಪ್ಪ ಅಮ್ಮ ನಿನ್ನ ಹೆಸರಲ್ಲಿ ದಿನಾ ದೀಪ ಹಚ್ಚುತ್ತಾರೆ. ಗಾಯತ್ರಿ ನಿನ್ನನ್ನು ಕೇಳಿದ್ದಾಗಿ ಬರೆ ಅಂದಿದ್ದಾಳೆ.

ನಿನ್ನ ತಂಗಿ,
ಮಾಲತಿ

ತಾ.ಕ.: ಅಪ್ಪ ಪೇಟೆಗೆ ಹೊರಟು ನಿಂತಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡಬೇಕು, ಅದಕ್ಕೆ ಗಡಿಬಿಡಿ. ನಿನ್ನೆ ಗಾಯತ್ರಿಯ ಜತೆ ರೈಲು ಹತ್ತಿ ಮುರ್ಡೇಶ್ವರಕ್ಕೆ ಹೋಗಿದ್ದೆ. ಮನೆಯಲ್ಲಿ ದೇವರಿಗೆ ಅಂತ ಹೇಳಿದ್ದು, ಹೋದದ್ದು ಉದಯನ ಹೋಟೆಲಿಗೆ. ನನ್ನ ಮದುವೆ ಆಗ್ತೀರಾ ಅಂತ ನಾನೇ ಕೇಳಿದೆ. "ಆತು" ಅಂದ. ಚೌತಿಯೊಳಗೆ ಹೇಗಾದರೂ ಫೋನ್ ಮಾಡಿ ಅಮ್ಮನಿಗೆ ನೀನೇ ಹೇಳು. ನನ್ನ ಧೈರ್ಯವೆಲ್ಲ ಅವನನ್ನು ಕೇಳುವುದರಲ್ಲೇ ಮುಗಿದುಹೋಯಿತು.