ಎಕ್ಸ್-ರೇ ಮೇಲಿನ ಹೆಸರಿನ ಚೀಟಿ

ಗುಬ್ಬಿ,

ನೀನು ಹೋಗಿ ಇಪ್ಪತ್ತೆಂಟು ವರ್ಷವಾಯಿತು. ನಿನ್ನ ಕಾಲಿನ ಗಡ್ಡೆಯನ್ನು ಗುರುತಿಸದೆ "ಉಳುಕಿರಬೇಕು" ಎಂದು ಮನೆಗೆ ಕಳಿಸಿದ ಆಸ್ಪತ್ರೆಯ ಮೇಲೆ ನಾನು ಇನ್ನೂ ದೂರು ಬರೆಯುತ್ತಲೇ ಇದ್ದೇನೆ. ಸಾಕ್ಷಿಗೆ ತಜ್ಞರ ಮಾತು ಬೇಕೆಂದು ಇವತ್ತು ನಿನ್ನ ಹಳೆಯ ಎಕ್ಸ್-ರೇಯನ್ನು ಸ್ಕ್ಯಾನಿಂಗ್ ಡಾಕ್ಟರಮ್ಮನಿಗೆ ತೋರಿಸಿದೆ.

ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ, "ಮೊಣಕಾಲು ಚೆನ್ನಾಗೇ ಇದೆಯಲ್ಲ ಸಾರ್," ಎಂದರು. ಆಮೇಲೆ ಮೇಲಂಚಿಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು. ಅದರಡಿಯಲ್ಲಿ ತೊಡೆಮೂಳೆ ಗೆದ್ದಲು ತಿಂದಂತೆ ಸವೆದಿತ್ತು.

"ಅಯ್ಯೋ, ಇಲ್ಲಿದೆ ಗಡ್ಡೆ! ನಾಳೇನೇ ಈ ಹುಡುಗೀನ ಕರ್ಕೊಂಡು ಬನ್ನಿ," ಎಂದವರು ಫಿಲ್ಮಿನ ತಾರೀಕು ನೋಡಿದರು. ಮತ್ತೆ ಮೆಲ್ಲಗೆ ಕೇಳಿದರು: "ಇದರ ಮೇಲೇ ಚೀಟಿ ಅಂಟಿಸಿದ ಪುಣ್ಯಾತ್ಮ ಯಾರು?"

ನಿನಗೆ ನೆನಪಿರಬೇಕು. ಅಷ್ಟೊಂದು ಫಿಲ್ಮುಗಳ ರಾಶಿಯಲ್ಲಿ ನಿನ್ನದು ಕಳೆದುಹೋಗಬಾರದೆಂದು, ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ನಿನ್ನ ಹೆಸರನ್ನು ದುಂಡಗೆ ಬರೆದೆ. "ಅಣ್ಣ, ನನ್ನ ಮದುವೆ ಕಾಗದಾನೂ ನೀನೇ ಬರೀಬೇಕು," ಎಂದು ನಗುತ್ತಾ ನೀನೇ ಗೋಂದು ಹಚ್ಚಿಕೊಟ್ಟೆ.

ನಾನು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

"ಆಸ್ಪತ್ರೆಯವರು," ಎಂದೆ.